ಅಂಗಾತ ಮಲಗಿದ ರಾತ್ರಿ

ಹೋದ ಚಳಿಗಾಲ ಪೂರ್ತಿ ನಾನು ಊಟದ ಮೇಜಿನ ಮೇಲೆ ನಿದ್ದೆ ಮಾಡಿದೆ. ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಎರಡು ದಿಂಬು ಇಟ್ಟು, ಅದಕ್ಕೆ ಹಣೆ ಕೊಟ್ಟು ಕಣ್ಣು ಮುಚ್ಚುವುದು. ಬೆನ್ನು ಹಾಸಿಗೆಗೆ ತಾಗಿದರೆ ಸಾಕು, ಹೊಕ್ಕುಳ ಮೇಲಿನಿಂದ ಬೆನ್ನಿನ ತನಕ ಯಾರೋ ಕಾದ ಸಲಾಕೆ ತೂರಿಸಿದ ಹಾಗೆ ಆಗುತ್ತಿತ್ತು. ಮುಂದಕ್ಕೆ ಬಗ್ಗಿದರೆ ಸ್ವಲ್ಪ ತಡೆದುಕೊಳ್ಳಬಹುದಿತ್ತು. ಜರ್ಮನಿಯ ಕೊಲೋನ್‌ನಲ್ಲಿರುವ ನಮ್ಮ ಮನೆ ಟ್ರಾಮ್ ಓಡುವ ರಸ್ತೆಯಲ್ಲಿದೆ. ರಾತ್ರಿಯ ಕೊನೆಯ ಟ್ರಾಮ್ ಹೋಗಿದ್ದೂ ಬೆಳಗಿನ ಮೊದಲ ಟ್ರಾಮ್ ಬಂದಿದ್ದೂ ನನಗೆ ದಿನಾ ಗೊತ್ತಾಗುತ್ತಿತ್ತು.

ಹಾಸನದಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಒಂದೇ ಪ್ರಶ್ನೆ. "ಯಾಕೆ ಯಾವಾಗ್ಲೂ ಕೂತೇ ಇರ್ತೀಯ? ಸ್ವಲ್ಪ ಮಲಗಬಾರದಾ?" ಈಗ ತಾನೇ ಎದ್ದೆ ಅಮ್ಮ ಅಂತ ಸುಳ್ಳು ಹೇಳುತ್ತಿದ್ದೆ.

ನನಗಿರುವುದು ಪ್ಯಾಂಕ್ರಿಯಾಸ್ ಕ್ಯಾನ್ಸರ್. ಮೇದೋಜೀರಕ ಗ್ರಂಥಿ ಅಂತಾರೆ. ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಅಂಟಿಕೊಂಡ ಹಾಗೆ ಅಡ್ಡಲಾಗಿ ಇರುವ ಗ್ರಂಥಿ, ಗೇಣಿಗಿಂತ ಸ್ವಲ್ಪ ಚಿಕ್ಕದು. ಅದರ ಹಿಂದೆಯೇ ನರಗಳ ಒಂದು ದೊಡ್ಡ ಗೋಜಲು ಇದೆ. ಗಡ್ಡೆ ಬೆಳೆದು ಅದನ್ನು ಹಿಡಿದುಕೊಂಡರೆ ಬರುವ ನೋವೇ ನನ್ನ ಸಲಾಕೆ. ಶುರುವಿನಲ್ಲಿ ಮೂರು ತಿಂಗಳು ನಾನೂ ಗ್ಯಾಸ್ಟ್ರಿಕ್ ಅಂದುಕೊಂಡೆ, ನಮ್ಮ ಬಡಾವಣೆಯ ಡಾಕ್ಟರೂ ಹಾಗೇ ಅಂದುಕೊಂಡು ಆಸಿಡಿಟಿ ಮಾತ್ರೆ ಕೊಟ್ಟರು. ಹನ್ನೊಂದು ಕೆಜಿ ಇಳಿದೆ. ನಮ್ಮ ವಂಶದಲ್ಲೇ ಇಲ್ಲದ ಸಕ್ಕರೆ ಕಾಯಿಲೆ ಬಂತು. ಆಮೇಲೆ ಸಿಟಿ ಸ್ಕ್ಯಾನ್. ಗ್ರಂಥಿಯ ನಡುಭಾಗದಲ್ಲಿ 4.2 ಸೆಂಟಿಮೀಟರ್ ಗಡ್ಡೆ, ಎರಡು ಮುಖ್ಯ ರಕ್ತನಾಳಗಳನ್ನು ಸುತ್ತಿಕೊಂಡಿತ್ತು. ಆಪರೇಷನ್ ಆಗುವುದಿಲ್ಲ ಅಂದರು.

ಕೀಮೋ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಫೋಲ್ಫಿರಿನಾಕ್ಸ್ ಅನ್ನುವ ಔಷಧಿಗಳ ಮಿಶ್ರಣ, ಎರಡು ವಾರಕ್ಕೊಮ್ಮೆ, ಎಂಟು ಸುತ್ತು. ಪ್ರತಿ ಸಲ ಸೊಂಟಕ್ಕೆ ಪಂಪ್ ಕಟ್ಟಿಕೊಂಡು ಎರಡು ದಿನ ಮನೆಯಲ್ಲಿ. ಫ್ರಿಜ್ ಬಾಗಿಲು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ. ಡಿಸೆಂಬರ್ ಕೊನೆಯಲ್ಲಿ ಸ್ಕ್ಯಾನ್ ಮಾಡಿದಾಗ ಗಡ್ಡೆ ಬೆಳೆದಿರಲಿಲ್ಲ, ಕುಗ್ಗಿಯೂ ಇರಲಿಲ್ಲ. ನೋವು ಮಾತ್ರ ಬೆಳೆದಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ. ಊಟ ಜೀರ್ಣ ಆಗಲಿ ಅಂತ ಕೊಡುವ ಕ್ಯಾಪ್ಸೂಲ್ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ್ದು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವಳು ನಾನು. ಮೊದಲ ದಿನ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಆಮೇಲೆ ಆ ಪ್ರಾಣಿಗೆ ಮನಸ್ಸಿನಲ್ಲೇ ಕೈ ಮುಗಿದು ನುಂಗಿದೆ. ಈಗಲೂ ಪ್ರತಿ ಊಟಕ್ಕೂ ಹಾಗೇ ಮಾಡುತ್ತೇನೆ. ಅದಿಲ್ಲದಿದ್ದರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ನೋವಿಗೆ ಫೆಂಟನಿಲ್ ಪ್ಯಾಚ್ ಹಾಕಿದರು, ಮಾರ್ಫಿನ್ ಜಾತಿಯ ಔಷಧಿ. ತೋಳಿಗೆ ಅಂಟಿಸಿಕೊಂಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಗಂಟೆಗೆ 25 ಮೈಕ್ರೋಗ್ರಾಂನಿಂದ ಶುರುವಾಗಿ 75ಕ್ಕೆ ಹೋಯಿತು. ಅದರ ಮೇಲೆ ನೊವಾಲ್ಗಿನ್ ಅನ್ನುವ ನೋವಿನ ಹನಿ. ಹಗಲಿಡೀ ಮಂಪರು, ಹೊಟ್ಟೆ ಕಟ್ಟಿಕೊಳ್ಳುವುದು. ಫೆಬ್ರವರಿಯಲ್ಲಿ ಎಂಡೋಸ್ಕೋಪಿ ಮಾಡಿ ಆ ನರಗಳ ಗೋಜಲಿಗೇ ಆಲ್ಕೋಹಾಲ್ ಇಂಜೆಕ್ಷನ್ ಕೊಟ್ಟರು. ಒಂದು ತಿಂಗಳು ಪರವಾಗಿಲ್ಲ ಅನ್ನಿಸಿತು. ಆಮೇಲೆ ಮತ್ತೆ ಮೇಜು, ದಿಂಬು.

ಆಗ ನಮ್ಮ ಕೀಮೋ ಡಾಕ್ಟರು ಬಾನ್ ಅನ್ನುವ ಊರಿನ ಹೆಸರು ಹೇಳಿದರು. ಕೊಲೋನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ 2014ರಿಂದ ಹೈಫು ಮಾಡುತ್ತಿದ್ದಾರೆ. ಹೈಫು ಅಂದರೆ ಹೈ ಇಂಟೆನ್ಸಿಟಿ ಫೋಕಸ್ಡ್ ಅಲ್ಟ್ರಾಸೌಂಡ್. ಹೊಟ್ಟೆ ಕೊಯ್ಯದೆ, ಸೂಜಿ ಚುಚ್ಚದೆ, ಹೊರಗಿನಿಂದಲೇ ಶಬ್ದದ ಅಲೆ ಕಳಿಸಿ ಗಡ್ಡೆಯನ್ನು ಸುಡುವುದು.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಬಸುರಿಯರಿಗೆ ಮಾಡ್ತಾರಲ್ಲ, ಅದೇ ಸ್ಕ್ಯಾನಿಂಗಾ? ಅದರಲ್ಲಿ ಗಡ್ಡೆ ಹೇಗೆ ಸುಡ್ತಾರೆ ಕಣೇ?" ಅಂದಳು.

"ಬೇಸಿಗೆ ರಜೆಯಲ್ಲಿ ಅಣ್ಣನ ಭೂತಗನ್ನಡಿ ಕದ್ದು ಒಣಗಿದ ಹಲಸಿನೆಲೆ ಸುಡ್ತಿದ್ವಲ್ಲ ಅಕ್ಕ, ಹಾಗೆ."

ಅವಳಿಗೆ ತಕ್ಷಣ ಅರ್ಥವಾಯಿತು. ಬಿಸಿಲು ಕೈ ಮೇಲೆ ಬಿದ್ದರೆ ಏನೂ ಆಗುವುದಿಲ್ಲ. ಭೂತಗನ್ನಡಿ ಹಿಡಿದು ಒಂದು ಚುಕ್ಕೆಗೆ ತಂದರೆ ಎಲೆ ಹೊಗೆಯಾಡುತ್ತದೆ. ಶಬ್ದವೂ ಹಾಗೇ. ಚರ್ಮದ ಹತ್ತಿರ ಅಲೆಗಳು ಹರಡಿಕೊಂಡಿರುತ್ತವೆ, ಸುಮ್ನೆ ದಾಟಿ ಹೋಗುತ್ತವೆ. ಒಳಗೆ ಎಲ್ಲವೂ ಸೇರುವ ಜಾಗದಲ್ಲಿ ಮಾತ್ರ ಬಿಸಿ 60 ಡಿಗ್ರಿ ದಾಟುತ್ತದೆ. ಆ ಜಾಗ ಎಷ್ಟು ಅಂದರೆ ಒಂದು ಅಕ್ಕಿ ಕಾಳಿನಷ್ಟು. ಒಂದೊಂದೇ ಕಾಳು ಸುಡುತ್ತಾ, ಸಾಲು ಮುಗಿದ ಮೇಲೆ ಇನ್ನೊಂದು ಸಾಲು ಮಾಡುತ್ತಾ ಹೋಗುತ್ತಾರೆ.

ಈ ಯೋಚನೆ ಹೊಸದೇನಲ್ಲ ಅಂತ ಮಗ ಹುಡುಕಿ ಹೇಳಿದ. 1942ರಲ್ಲೇ ಅಮೆರಿಕದಲ್ಲಿ ಇದರ ಮೊದಲ ಪ್ರಯೋಗ ನಡೆದಿತ್ತಂತೆ. ಹೊಟ್ಟೆಯೊಳಗಿನ ಗಡ್ಡೆಗೆ ಬಳಸುವ ಯಂತ್ರ ಬೆಳೆದಿದ್ದು ಚೀನಾದ ಚಾಂಗ್‌ಚಿಂಗ್‌ನಲ್ಲಿ, ಅಲ್ಲಿ ರೋಗಿಗಳಿಗೆ ಕೊಡಲು ಶುರು ಮಾಡಿದ್ದು 1997ರಲ್ಲಿ. ಬಾನ್‌ನಲ್ಲಿರುವುದೂ ಅದೇ ಊರಿನ ಯಂತ್ರ.

ಬಾನ್ ಆಸ್ಪತ್ರೆ ವೀನಸ್‌ಬೆರ್ಗ್ ಅನ್ನುವ ಗುಡ್ಡದ ಮೇಲಿದೆ. ಬಸ್ ತಿರುವು ತಿರುವಾಗಿ ಹತ್ತುವಾಗ ಪ್ರತಿ ತಿರುವಿಗೂ ನಾನು ಮುಂದಿನ ಸೀಟಿಗೆ ಹಣೆ ಒತ್ತಿಕೊಳ್ಳುತ್ತಿದ್ದೆ. ಯಜಮಾನರು ನನ್ನ ಬೆನ್ನಿನ ಮೇಲೆ ಅಂಗೈ ಇಟ್ಟಿದ್ದರು. ಶಕ್ತಿ ಹಾಕಿ ಒತ್ತುವ ಹಾಗಿಲ್ಲ, ಸುಮ್ನೆ ಇಡಬೇಕು. ಅದು ಅವರಿಗೆ ಅಷ್ಟರಲ್ಲಿ ಗೊತ್ತಾಗಿಬಿಟ್ಟಿತ್ತು.

ಅಲ್ಲಿನ ಡಾಕ್ಟರಮ್ಮ ಮೊದಲು ಮಾಡಿದ ಕೆಲಸ, ಮಾಮೂಲಿ ಸ್ಕ್ಯಾನಿಂಗ್ ಕಡ್ಡಿ ಹಿಡಿದು ನನ್ನ ಹೊಟ್ಟೆಯನ್ನು ಗಟ್ಟಿಯಾಗಿ ಅಮುಕಿ ನೋಡಿದ್ದು. ಅಲೆ ಹೋಗಲು ದಾರಿ ಇದೆಯಾ ಅಂತ. ಶಬ್ದದ ಅಲೆಗೆ ಗಾಳಿ ದಾಟಲು ಬರುವುದಿಲ್ಲ. ಕರುಳಿನಲ್ಲಿ ವಾಯು ತುಂಬಿದ್ದರೆ ಅಲೆ ಅಲ್ಲೇ ತಡೆದು ಕರುಳನ್ನೇ ಸುಟ್ಟುಬಿಡಬಹುದು. ಅದಕ್ಕೇ ಕೆಲವರಿಗೆ ಇದನ್ನು ಮಾಡುವುದೇ ಇಲ್ಲ. ನನಗೆ ದಾರಿ ಇತ್ತು.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. "ನೀವು ಇದರಿಂದ ಏನು ಬಯಸಿ ಬಂದಿದ್ದೀರಿ?" ಅಂತ ಕೇಳಿದರು.

ಯಾವ ಡಾಕ್ಟರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಮಗ ಏನೋ ಹೇಳಲು ಬಾಯಿ ತೆರೆದ. ಅವನ ಮನಸ್ಸಿನಲ್ಲಿ ಇದ್ದಿದ್ದು ನನಗೆ ಗೊತ್ತಿತ್ತು. ಗಡ್ಡೆ ಹೋಗಲಿ, ಅಮ್ಮ ಉಳಿಯಲಿ. ಅವನಿಗಿಂತ ಮೊದಲು ನಾನೇ ಹೇಳಿದೆ. "ನನಗೆ ಅಂಗಾತ ಮಲಗಬೇಕು."

ಅವರು ತಲೆ ಆಡಿಸಿದರು. "ಅದಕ್ಕೆ ಪ್ರಯತ್ನ ಮಾಡೋಣ. ನಮ್ಮಲ್ಲಿ ಮಾಡಿಸಿಕೊಂಡವರಲ್ಲಿ ಹತ್ತರಲ್ಲಿ ಸುಮಾರು ಎಂಟು ಜನರಿಗೆ ನೋವು ಕಡಿಮೆಯಾಗಿದೆ. ಗಡ್ಡೆಯೂ ಕುಗ್ಗಬಹುದು. ಆದರೆ ಇದು ನಿಮ್ಮ ಕ್ಯಾನ್ಸರ್ ವಾಸಿ ಮಾಡುವುದಿಲ್ಲ. ಸ್ಕ್ಯಾನ್‌ನಲ್ಲಿ ಕಾಣದ ಕಣಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ, ಅವಕ್ಕೆ ಕೀಮೋನೇ ಬೇಕು." ಮಗ ಮೊಬೈಲ್ ಕೆಳಗಿಟ್ಟ. ಆಮೇಲೆ ಅಪಾಯಗಳ ಬಗ್ಗೆ ಹೇಳಿದರು. ಚರ್ಮ ಸುಡಬಹುದು. ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಅಪರೂಪಕ್ಕೆ ಹೊಟ್ಟೆಗೋ ಕರುಳಿಗೋ ತೂತು ಬೀಳಬಹುದು. ರಕ್ತನಾಳ ಸುಟ್ಟುಹೋಗುವುದಿಲ್ಲವಾ ಅಂತ ನಾನು ಕೇಳಿದೆ. ಹರಿಯುವ ರಕ್ತ ಬಿಸಿಯನ್ನು ಹೊತ್ತುಕೊಂಡು ಹೋಗಿಬಿಡುತ್ತದೆ, ಹಾಗಾಗಿ ನಾಳ ತಡೆದುಕೊಳ್ಳುತ್ತದೆ ಅಂದರು. ಈ ಮಾತು ನನಗೆ ಯಾಕೋ ತುಂಬಾ ಧೈರ್ಯ ಕೊಟ್ಟಿತು.

ಹೀಗೆ ಬಿಚ್ಚಿ ಹೇಳುವ ಡಾಕ್ಟರು ಸಿಗುವುದು ದೊಡ್ಡ ಪುಣ್ಯ. ಸುಳ್ಳು ಆಸೆ ಇಟ್ಟುಕೊಂಡು ಆ ಯಂತ್ರದ ಮಂಚದ ಮೇಲೆ ಮಲಗಿದ್ದರೆ ಆಮೇಲೆ ಬಂದ ರಿಪೋರ್ಟು ನನ್ನನ್ನು ಮುರಿದುಹಾಕುತ್ತಿತ್ತು.

ಇನ್ಶೂರೆನ್ಸ್ ಕಂಪನಿ ಮೊದಲ ಅರ್ಜಿಗೆ ಆಗಲ್ಲ ಅಂತ ಕಾಗದ ಬರೆಯಿತು. ಯಜಮಾನರು ಎರಡನೇ ಸಲ ಬರೆದರು, ಡಾಕ್ಟರಮ್ಮನೂ ಬರೆದರು. ಒಪ್ಪಿಗೆ ಬರುವಷ್ಟರಲ್ಲಿ ಐದು ವಾರ. ಆರೋಗ್ಯವಾಗಿರುವವರಿಗೆ ಐದು ವಾರ ಅಂದರೆ ಏನೂ ಅಲ್ಲ. ನನಗೆ ಅದು ಮೂವತ್ತೈದು ರಾತ್ರಿ.

ದಿನ ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಮೂರು ದಿನ ಮುಂಚಿನಿಂದ ಊಟದ ಪಟ್ಟಿ ಕೊಟ್ಟಿದ್ದರು, ನಾರು ಇರುವುದು, ವಾಯು ಮಾಡುವುದು ಯಾವುದೂ ಬೇಡ ಅಂತ. ಅದರಲ್ಲಿ ಬರೆದಿದ್ದಿದ್ದು ಜರ್ಮನ್ ಊಟ. ಬಿಳಿ ಬ್ರೆಡ್, ನೂಡಲ್ಸ್, ಸೋಸಿದ ಸೂಪ್. ಅದನ್ನು ನಾನು ನಮ್ಮ ಅಡುಗೆಗೆ ತಿರುಗಿಸಿಕೊಂಡೆ. ರಾಗಿ ಇಲ್ಲ, ಕಾಳು ಇಲ್ಲ, ಸೊಪ್ಪಿಲ್ಲ, ತೆಂಗಿನಕಾಯಿ ತುರಿ ಇಲ್ಲ. ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಬಟ್ಟೆಯಲ್ಲಿ ಸೋಸಿದ ತಿಳಿಸಾರು, ಅದಕ್ಕೆ ಬೇಳೆ ಹಾಕುವ ಹಾಗಿಲ್ಲ. ಆ ವಾರವೇ ಯುಗಾದಿ. ಪಕ್ಕದ ಬೀದಿಯ ಮೈಸೂರಿನವರು ಒಬ್ಬಟ್ಟು ತಂದುಕೊಟ್ಟರು. ಡಬ್ಬದ ಮುಚ್ಚಳ ತೆಗೆದು ಏಲಕ್ಕಿ ವಾಸನೆ ನೋಡಿ ಮುಚ್ಚಿಟ್ಟೆ.

ಹಿಂದಿನ ದಿನವೇ ಅಡ್ಮಿಟ್ ಆದೆ. ಸಂಜೆ ಭೇದಿಯ ಔಷಧಿ, ಬೆಳಿಗ್ಗೆ ಎನಿಮಾ. ಒಬ್ಬಳು ನರ್ಸ್ ಎದೆಯ ಕೆಳಗಿನಿಂದ ಕಿಬ್ಬೊಟ್ಟೆ ತನಕ ಕೂದಲು ತೆಗೆದು, ಸ್ಪಿರಿಟ್‌ನಲ್ಲಿ ಮತ್ತೆ ಮತ್ತೆ ಒರೆಸಿದಳು. ಎಷ್ಟು ಸಲ ಒರೆಸ್ತೀಯಮ್ಮ ಅಂತ ಕೇಳಿದೆ. ಒಂದು ಕೂದಲ ಬುಡದಲ್ಲಿ ಗಾಳಿ ಗುಳ್ಳೆ ನಿಂತರೂ ಅಲ್ಲಿ ಚರ್ಮ ಸುಡಬಹುದು, ಎಣ್ಣೆಯ ಪಸೆಯೂ ಇರಬಾರದು ಅಂದಳು. ದಿನಾ ಬೆಳಿಗ್ಗೆ ಹೊಟ್ಟೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ಅಭ್ಯಾಸ ನನಗೆ. ಮೂರು ದಿನದಿಂದ ಬಿಟ್ಟಿದ್ದೆ, ಆದರೂ ಹೇಳಿಬಿಟ್ಟೆ. ಅವಳು ಇನ್ನೂ ಎರಡು ಸಲ ಒರೆಸಿದಳು.

ಯಂತ್ರದ ಕೋಣೆಗೆ ಕರೆದುಕೊಂಡು ಹೋದಾಗ ನಾನು ಕಂಡಿದ್ದು ನೀರು. ಮಂಚದ ನಡುವೆ ಒಂದು ತೊಟ್ಟಿ, ಅದರ ತುಂಬ ತಿಳಿನೀರು. ಅದರಲ್ಲಿ ಕರಗಿರುವ ಗಾಳಿಯನ್ನೂ ತೆಗೆದಿರುತ್ತಾರಂತೆ. ನೀರಿನ ಅಡಿಯಲ್ಲಿ ಒಂದು ದೊಡ್ಡ ಬಟ್ಟಲಿನಂಥದ್ದು ಮೇಲೆ ಮುಖ ಮಾಡಿ ಕೂತಿತ್ತು. ಅಲೆ ಬರುವುದು ಅದರಿಂದ. ಅದರ ಮಧ್ಯದಲ್ಲಿ ಚಿಕ್ಕದೊಂದು ಸ್ಕ್ಯಾನಿಂಗ್ ಕಣ್ಣು. ಸುಡುವುದೂ ನೋಡುವುದೂ ಒಟ್ಟಿಗೆ ನಡೆಯಬೇಕಲ್ವಾ. ಹೊಟ್ಟೆ ಆ ನೀರಿಗೆ ತಾಗುವ ಹಾಗೆ ನನ್ನನ್ನು ಬೋರಲು ಮಲಗಿಸುತ್ತಾರೆ. ನಡುವೆ ನೀರು ತುಂಬಿದ ಒಂದು ಚೀಲ ಇಟ್ಟು ಕರುಳನ್ನು ಪಕ್ಕಕ್ಕೆ ಒತ್ತಿ ಹಿಡಿಯುತ್ತಾರೆ.

ನೀರು ನೋಡಿ ನನಗೆ ಹೇಮಾವತಿ ನೆನಪಾಯಿತು. ಗೊರೂರಿನಲ್ಲಿ ಅಜ್ಜಿಯ ಜೊತೆ ಮೆಟ್ಟಿಲ ಮೇಲೆ ಬೋರಲು ಮಲಗಿ ಮೀನು ನೋಡುತ್ತಿದ್ದದ್ದು. ಅದನ್ನೇ ನೆನೆಯುತ್ತಾ ಇದ್ದೆ, ಅಷ್ಟರಲ್ಲಿ ಅರಿವಳಿಕೆ ಕೊಟ್ಟರು.

ಒಳಗೆ ನಡೆದಿದ್ದನ್ನು ಆಮೇಲೆ ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಬೂದು ಬಣ್ಣದ ಗಡ್ಡೆಯಲ್ಲಿ ಒಂದೊಂದು ಏಟಿಗೆ ಒಂದೊಂದು ಬಿಳಿ ಚುಕ್ಕೆ. ಬೆಳ್ಳಗಾದರೆ ಅಲ್ಲಿ ಸುಟ್ಟಿದೆ ಅಂತ ಅರ್ಥ. ಪ್ರತಿ ಏಟಿನ ನಂತರ ಸ್ವಲ್ಪ ನಿಂತು ಚರ್ಮ ತಣ್ಣಗಾಗಲು ಬಿಡುತ್ತಾರೆ. ಎಲ್ಲ ಸೇರಿ ಸುಮಾರು ಮೂರು ಗಂಟೆ. ರಕ್ತನಾಳವನ್ನು ತಬ್ಬಿಕೊಂಡ ಒಂದು ಅಂಚನ್ನೂ, ಜಠರಕ್ಕೆ ಹತ್ತಿರವಿದ್ದ ಒಂದು ಮೂಲೆಯನ್ನೂ ಅವರು ಬೇಕೆಂದೇ ಬಿಟ್ಟಿದ್ದರು. ಪೂರ್ತಿ ಸುಡಲು ಹೋದರೆ ಅಪಾಯ ಅಂತ.

ಎಚ್ಚರ ಆದಾಗ ಹೊಟ್ಟೆಯ ಮೇಲೆ ಬಾವು, ಮುಟ್ಟಿದರೆ ಉರಿ. ಮೂತ್ರಕ್ಕೆ ಪೈಪ್ ಹಾಕಿದ್ದರು. ಒಂದು ದಿನ ಬಾಯಿಗೆ ನೀರು ಬಿಟ್ಟರೆ ಏನೂ ಇಲ್ಲ. ಪ್ಯಾಂಕ್ರಿಯಾಸ್ ಊದಿದೆಯಾ ಅಂತ ನೋಡಲು ಮತ್ತೆ ಮತ್ತೆ ರಕ್ತ ತೆಗೆದರು. ಮೊದಲ ಎರಡು ದಿನ ನೋವು ಕಡಿಮೆಯಾಯಿತು ಅಂತ ಅನ್ನಿಸಲೇ ಇಲ್ಲ. ಹಳೆಯದರ ಜೊತೆ ಹೊಸದೊಂದು ಸೇರಿಕೊಂಡಿತ್ತು ಅಷ್ಟೇ. ಹತ್ತರಲ್ಲಿ ನೋವು ಇಳಿಯದ ಆ ಎರಡು ಜನರಲ್ಲಿ ನಾನೂ ಒಬ್ಬಳಾ ಅಂತ ಗೋಡೆ ನೋಡುತ್ತಾ ಯೋಚನೆ ಮಾಡುತ್ತಿದ್ದೆ.

ಮನೆಗೆ ಬಂದ ಮೇಲೆ ಐದನೇ ರಾತ್ರಿ. ಅಭ್ಯಾಸಬಲದಿಂದ ಮೇಜಿನ ಮೇಲೆ ದಿಂಬು ಇಟ್ಟು ಕೂತೆ. ಸ್ವಲ್ಪ ಹೊತ್ತಿಗೆ ಕುತ್ತಿಗೆ ನೋಯಿತು. ಇಷ್ಟು ತಿಂಗಳಲ್ಲಿ ಕುತ್ತಿಗೆ ನೋವು ನನಗೆ ಗೊತ್ತೇ ಆಗಿರಲಿಲ್ಲ, ಅದಕ್ಕಿಂತ ದೊಡ್ಡದು ಒಳಗಿತ್ತಲ್ಲ. ಎದ್ದು ಹೋಗಿ ಹಾಸಿಗೆಯ ಅಂಚಿಗೆ ಕೂತೆ. ಮೊದಲು ಎಡಕ್ಕೆ ವಾಲಿದೆ. ಮೊಣಕಾಲು ಮಡಚಿದೆ. ಆಮೇಲೆ ಒಂದೊಂದೇ ಬೆರಳಷ್ಟು ಬೆನ್ನನ್ನು ಹಾಸಿಗೆಗೆ ಇಳಿಸಿದೆ, ಬಿಸಿ ನೀರಿಗೆ ಕಾಲಿಡುವ ಹಾಗೆ. ಸಲಾಕೆ ಬರಲಿಲ್ಲ. ಒಂದು ಮಂದ ನೋವು ಇತ್ತು, ಹತ್ತಕ್ಕೆ ಎರಡು ಅನ್ನಬಹುದು. ಮೊದಲು ಎಂಟು ಇರುತ್ತಿತ್ತು. ಮೇಲೆ ತಾರಸಿಯಲ್ಲಿ ಒಂದು ಸಣ್ಣ ಬಿರುಕು ಇದೆ, ಬಾಗಿಲ ಕಡೆಯಿಂದ ದೀಪದ ತನಕ. ಅದನ್ನು ನೋಡಿ ಏಳು ತಿಂಗಳಾಗಿತ್ತು.

"ಏನಾಯ್ತು?" ಅಂತ ಯಜಮಾನರು ಗಾಬರಿಯಿಂದ ಎದ್ದರು.

"ಏನಿಲ್ಲ ರೀ, ಮಲಗಿದ್ದೀನಿ."

ಅವರು ಆ ಕಡೆ ತಿರುಗಿ ಮಲಗಿದರು. ಅಳುತ್ತಿದ್ದರು ಅಂತ ಮಂಚ ಅಲುಗಿದ್ದರಿಂದ ಗೊತ್ತಾಯಿತು. ಬೆಳಗಿನ ಮೊದಲ ಟ್ರಾಮ್ ನನಗೆ ಕೇಳಿಸಲಿಲ್ಲ.

ಆರು ವಾರದ ಸ್ಕ್ಯಾನ್‌ನಲ್ಲಿ ಗಡ್ಡೆ ಮೂರರಲ್ಲಿ ಒಂದು ಪಾಲು ಕುಗ್ಗಿತ್ತು. ಪ್ಯಾಚ್ ಅನ್ನು ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ 25ಕ್ಕೆ ತಂದೆವು. ಮಂಪರು ಹೋಯಿತು. ಜೂನ್‌ನಲ್ಲಿ ರೈನ್ ದಂಡೆಯಲ್ಲಿ ದಿನಾ ಅರ್ಧ ಗಂಟೆ ನಡೆದೆ.

ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ ಗಡ್ಡೆ ಇನ್ನೂ ಕುಗ್ಗಿತ್ತು. ಲಿವರ್‌ನಲ್ಲಿ ಎರಡು ಹೊಸ ಚುಕ್ಕೆ ಇದ್ದವು. ಮಗ ತಕ್ಷಣ ಅದಕ್ಕೂ ಹೈಫು ಮಾಡಬಹುದಲ್ವಾ ಅಂತ ಕೇಳಿದ. ಎರಡು ಕಂಡರೆ ಕಾಣದವು ಇನ್ನೂ ಇರುತ್ತವೆ, ಈಗ ಇಡೀ ಮೈಗೆ ಹೋಗುವ ಔಷಧಿ ಬೇಕು ಅಂದರು ಡಾಕ್ಟರು. ಆಗಸ್ಟ್‌ನಿಂದ ಬೇರೆ ಕೀಮೋ ನಡೆಯುತ್ತಿದೆ. ಕೂದಲು ಹೋಗಿದೆ. ಬೆನ್ನು ಮಾತ್ರ ಇವತ್ತಿಗೂ ಹಾಸಿಗೆಗೆ ತಾಗುತ್ತದೆ.

ನನ್ನ ವಿಷಯ ಹೇಗೋ ಊರಿನ ಕಡೆ ಹರಡಿದೆ. ಶಬ್ದದಿಂದ ಕ್ಯಾನ್ಸರ್ ಮಾಯ ಅಂತ ಯಾರೋ ಹೇಳಿರಬೇಕು. ಮಂಡ್ಯದ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಅವನ ತಂದೆಗೆ ಇದೇ ಕಾಯಿಲೆ, ಲಿವರ್ ತುಂಬ ಹರಡಿದೆ, ಹೊಟ್ಟೆಯಲ್ಲಿ ನೀರು ತುಂಬಿದೆ. "ಎರಡು ಎಕರೆ ಗದ್ದೆ ಮಾರ್ತೀವಿ ಅಕ್ಕ, ಚೀನಾಕ್ಕೆ ಕರ್ಕೊಂಡು ಹೋದರೆ ಆಗುತ್ತಾ?"

ಅವನಿಗೆ ಇಲ್ಲ ಅನ್ನುವುದು ನನಗೆ ತುಂಬಾ ಕಷ್ಟವಾಯಿತು. ಆದರೂ ಹೇಳಿದೆ. ನೋಡಪ್ಪ, ನಾನು ಡಾಕ್ಟರ್ ಅಲ್ಲ, ಅಪ್ಪನ ರಿಪೋರ್ಟುಗಳನ್ನು ಅಲ್ಲಿನ ಕ್ಯಾನ್ಸರ್ ಡಾಕ್ಟರಿಗೇ ತೋರಿಸು. ಆದರೆ ಇದು ಒಂದು ಜಾಗಕ್ಕೆ ಮಾಡುವ ಚಿಕಿತ್ಸೆ, ನನಗೆ ನೋವು ಇಳಿಸಿತು, ಕಾಯಿಲೆ ಇಳಿಸಲಿಲ್ಲ. ಗದ್ದೆ ಮಾರುವ ಮೊದಲು ಅಪ್ಪನ ನೋವಿಗೆ ಏನು ಕೊಡ್ತಿದ್ದಾರೆ ಕೇಳು. ಬರೀ ಪ್ಯಾರಾಸಿಟಮಾಲ್ ಅಂದ. ಮೂರು ತಿಂಗಳಿಂದ! ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವಿಗೇ ಅಂತ ವಿಭಾಗ ಇದೆ, ಅಲ್ಲಿ ಮಾರ್ಫಿನ್ ಸಿಗುತ್ತದೆ. ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ಇರುವವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಎರಡೂ ಹೆಸರು ಬರೆಸಿದೆ. ಮಾರ್ಫಿನ್ ಅಂದರೆ ಸಾಯುವವರಿಗೆ ಕೊಡುವುದಲ್ವಾ ಅಕ್ಕ ಅಂತ ಕೇಳಿದ. ನಾನೂ ತಿಂಗಳುಗಟ್ಟಲೆ ಅದೇ ಜಾತಿಯ ಔಷಧಿ ಅಂಟಿಸಿಕೊಂಡು ಅಡುಗೆ ಮಾಡಿದ್ದೀನಪ್ಪ ಅಂದೆ.

ಹತ್ತು ದಿನ ಬಿಟ್ಟು ಅವನೇ ಮೆಸೇಜ್ ಕಳಿಸಿದ. ಅಪ್ಪ ಎರಡು ರಾತ್ರಿ ನಿದ್ದೆ ಮಾಡಿದರು ಅಂತ.

ಮುಂದಿನ ಗುರುವಾರ ನನಗೆ ಮತ್ತೆ ಕೀಮೋ. ರಕ್ತದ ರಿಪೋರ್ಟು ಪರವಾಗಿಲ್ಲ ಅಂತ ಬಂದರೆ ಡಿಸೆಂಬರ್ ಕೊನೆಯಲ್ಲಿ ಎರಡು ಸುತ್ತುಗಳ ನಡುವೆ ಮೂರು ವಾರ ಬಿಡುವು ಕೊಡುತ್ತೇನೆ ಅಂದಿದ್ದಾರೆ ಡಾಕ್ಟರು. ಟಿಕೆಟ್ ತೆಗೆದಿಟ್ಟಿದ್ದೇವೆ. ಅಮ್ಮನಿಗೆ ನಿನ್ನೆ ಹೇಳಿದೆ, ನಾನು ಮಲಗಿಕೊಂಡೇ ಮಾತಾಡುತ್ತಿದ್ದೆ. ಅವರು ಫೋನನ್ನು ಅಕ್ಕನಿಗೆ ಕೊಟ್ಟರು.

"ಅವರೆಕಾಯಿ ಕಾಲಕ್ಕೆ ಬರ್ತಿದೀಯ," ಅಂದಳು ಅಕ್ಕ. "ಇಡೀ ಕಾಳು ನಿನಗೆ ಆಗಲ್ಲ ಅಂತ ಗೊತ್ತು. ನೆನೆಸಿ, ಒಂದೊಂದೇ ಹಿತುಕಿ ಸಿಪ್ಪೆ ತೆಗೆದು ಇಟ್ಟಿರ್ತೀನಿ. ಹಿತಕಿದ ಬೇಳೆ ಸಾರು ತಿನ್ನಬಹುದಾ ಅಂತ ಆ ಡಾಕ್ಟರನ್ನ ಕೇಳ್ಕೊಂಡು ಬಾ."